ಸೆಟ್ಟಿಂಗ್ಸ್ ತೆರೆಯಿರಿ, ಮೊದಲು ಓದಿ

ಜೂನ್ ಕಾಲಿಟ್ಟಿತೆಂದರೆ ಮಡಿಕೇರಿಯ ನನ್ನ ರಿಪೇರಿ ಅಂಗಡಿಗೆ ಬರುವ ದೂರು ಒಂದೇ: "ನೆಟ್ ಇಲ್ಲ." ಈ ತಿಂಗಳ ಪತ್ರಗಳೂ ಅದೇ ಮಳೆಯಲ್ಲಿ ನೆನೆದು ಬಂದಿವೆ. ಹಾಗಾಗಿ ಪ್ರಿಂಟರ್, ಪೆನ್ ಡ್ರೈವ್, ಕನ್ನಡ ಟೈಪಿಂಗ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಸಂಬಂಧಿಸಿದವನ್ನಷ್ಟೇ ಆರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನೆಟ್ ಹೋದಾಗಲೆಲ್ಲ ಮೈಸೂರಿನಲ್ಲಿರುವ ಮೊಮ್ಮಗನಿಗೆ ಫೋನ್ ಮಾಡುತ್ತೇನೆ. "ಅಜ್ಜ, ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆಯಿರಿ" ಎನ್ನುತ್ತಾನೆ. ಹಳೆಯ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನಲ್‌ಗೆ ಹೋಗುವುದು ಗೊತ್ತಿತ್ತು. ಈಗಿನದರಲ್ಲಿ ಅದು ಎಲ್ಲಿ ಅಡಗಿದೆಯೋ ತಿಳಿಯದು. ತೆರೆದ ಮೇಲೆ ಏನು ಮಾಡಬೇಕೆಂಬುದೂ ತಿಳಿಯದು. (ಸೋಮವಾರಪೇಟೆ)

ಉತ್ತರ: ಮೇಷ್ಟರೇ, ತಪ್ಪು ನಿಮ್ಮದಲ್ಲ. ವಿಂಡೋಸ್ ತಯಾರಿಸುವವರು ಈ ಪುಟವನ್ನು ಆವೃತ್ತಿಗೊಂದು ಜಾಗದಲ್ಲಿ ಇಟ್ಟಿದ್ದಾರೆ. ವಿಂಡೋಸ್ 7ರಲ್ಲಿ ಅದು ಕಂಟ್ರೋಲ್ ಪ್ಯಾನಲ್‌ನ ಒಳಗಿತ್ತು. 2015ರಲ್ಲಿ ಬಂದ ವಿಂಡೋಸ್ 10ರಲ್ಲೂ 2021ರಲ್ಲಿ ಬಂದ ವಿಂಡೋಸ್ 11ರಲ್ಲೂ ಅದಕ್ಕೆ 'ಸೆಟ್ಟಿಂಗ್ಸ್' ಎಂಬ ಹೊಸ ಮನೆ ಕಟ್ಟಿದರು, ಹಳೆಯದನ್ನು ಪೂರ್ತಿ ಕೆಡವಲೂ ಇಲ್ಲ. ಈಗ ಒಂದೇ ವಿಷಯಕ್ಕೆ ಎರಡು ಪುಟ, ಎರಡಕ್ಕೂ ಬೇರೆ ಬೇರೆ ದಾರಿ.

ಮೌಸ್ ಹಿಡಿದು ಚಿತ್ರ ಹುಡುಕುವುದಕ್ಕಿಂತ ಕೀಬೋರ್ಡನ್ನು ನಂಬಿ. ಕೆಳಸಾಲಿನಲ್ಲಿ ಎಡಗಡೆಗೆ, ಕಂಟ್ರೋಲ್ ಮತ್ತು ಆಲ್ಟ್ ಕೀಗಳ ಆಸುಪಾಸಿನಲ್ಲಿ, ಕಿಟಕಿಯ ಗುರುತಿರುವ ವಿಂಡೋಸ್ ಕೀ ಇರುತ್ತದೆ. ಅದನ್ನು ಒತ್ತಿ ಹಿಡಿದುಕೊಂಡು ಇಂಗ್ಲಿಷಿನ 'ಐ' ಅಕ್ಷರ ಒತ್ತಿ. ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ. ವಿಂಡೋಸ್ 10 ಆದರೆ ನಡುವೆ ಹರಡಿದ ಚೌಕಗಳಲ್ಲಿ, ವಿಂಡೋಸ್ 11 ಆದರೆ ಎಡಗಡೆಯ ಪಟ್ಟಿಯಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಎಂದು ಕಾಣುತ್ತದೆ. ಅದೇ ನಿಮ್ಮ ಮೊಮ್ಮಗ ಹೇಳುವ ಪುಟ.

ಇನ್ನೊಂದು ದಾರಿ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲೇ ಇದೆ. ವೈಫೈ ಆದರೆ ಬೀಸಣಿಗೆಯಾಕಾರದ ಗೆರೆಗಳು, ಕೇಬಲ್ ಆದರೆ ಪುಟ್ಟ ಮಾನಿಟರಿನ ಚಿತ್ರ, ಎರಡೂ ಇಲ್ಲದಿದ್ದರೆ ಗೋಲ. ಆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅದೇ ಪುಟಕ್ಕೆ ಕರೆದೊಯ್ಯುವ ಸಾಲು ಬರುತ್ತದೆ. ಎಡಗುಂಡಿ ಒತ್ತಿದರೆ ಬೇರೆಯೇ ಪೆಟ್ಟಿಗೆ ತೆರೆಯುತ್ತದೆ. ಫೋನಿನಲ್ಲಿ ಹೇಳಿಕೊಡುವ ಮಕ್ಕಳು "ಕ್ಲಿಕ್ ಮಾಡಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ಅರ್ಧ ಜಗಳ ಶುರುವಾಗುವುದೇ ಅಲ್ಲಿ.

ಮೂರನೆಯದು ನನಗೆ ಅತ್ಯಂತ ಇಷ್ಟವಾದ ದಾರಿ. ವಿಂಡೋಸ್ ಕೀ ಹಿಡಿದು 'ಆರ್' ಒತ್ತಿ. ಎಡಗಡೆ ಕೆಳಗೆ 'ರನ್' ಎಂಬ ಪುಟ್ಟ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಎನ್, ಸಿ, ಪಿ, ಎ, ಚುಕ್ಕೆ, ಸಿ, ಪಿ, ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. 'ನೆಟ್‌ವರ್ಕ್ ಕನೆಕ್ಷನ್ಸ್' ಎಂಬ ಹಳೆಯ ಕಾಲದ ಪುಟ ತೆರೆಯುತ್ತದೆ. ಎಕ್ಸ್‌ಪಿ ಕಾಲದಿಂದ ವಿಂಡೋಸ್ 11ರವರೆಗೆ ಈ ದಾರಿ ಬದಲಾಗಿಲ್ಲ. ಕಂಪ್ಯೂಟರಿನಲ್ಲಿರುವ ವೈಫೈ, ಕೇಬಲ್ ಸಂಪರ್ಕ, ಬ್ಲೂಟೂತ್ ಎಲ್ಲವೂ ಒಂದೊಂದು ಚಿತ್ರವಾಗಿ ಸಾಲಾಗಿ ನಿಂತಿರುತ್ತವೆ. ಕೆಂಪು ಗುಣಾಕಾರ ಚಿಹ್ನೆ ಇದ್ದರೆ ಅದಕ್ಕೆ ಸಂಪರ್ಕವಿಲ್ಲ. ಚಿತ್ರವೇ ಬೂದಿ ಬಣ್ಣಕ್ಕೆ ತಿರುಗಿ ಕೆಳಗೆ 'ಡಿಸೇಬಲ್ಡ್' ಎಂದಿದ್ದರೆ ಯಾರೋ ಅದನ್ನು ಆಫ್ ಮಾಡಿದ್ದಾರೆ, ಬಲಗುಂಡಿ ಒತ್ತಿ 'ಎನೇಬಲ್' ಮಾಡಿದರೆ ಮುಗಿಯಿತು.

ತೆರೆದ ಮೇಲೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಏನೂ ಮಾಡಬೇಡಿ. ಓದಿ. 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಪುಟದ ಮೇಲ್ಭಾಗದಲ್ಲಿ ಮೂರರಲ್ಲಿ ಒಂದು ಮಾತು ಇರುತ್ತದೆ. 'ನಾಟ್ ಕನೆಕ್ಟೆಡ್' ಎಂದಿದ್ದರೆ ನಿಮ್ಮ ಕಂಪ್ಯೂಟರಿಗೂ ಮನೆಯ ಮೋಡೆಮ್ ಪೆಟ್ಟಿಗೆಗೂ ಮಾತುಕತೆ ಇಲ್ಲ, ತೊಂದರೆ ಮನೆಯೊಳಗಿದೆ. 'ಕನೆಕ್ಟೆಡ್' ಜೊತೆಗೆ 'ನೋ ಇಂಟರ್ನೆಟ್' ಎಂದಿದ್ದರೆ ಪೆಟ್ಟಿಗೆಯವರೆಗೆ ಸರಿಯಿದೆ, ತೊಂದರೆ ಬಹುಪಾಲು ಅದರಾಚೆಗೆ. ಬರೀ 'ಕನೆಕ್ಟೆಡ್' ಎಂದಿದ್ದೂ ಪುಟ ತೆರೆಯದಿದ್ದರೆ ಬ್ರೌಸರ್ ಮೇಲೆ ಅನುಮಾನಪಡಬಹುದು. ಆ ಸಾಲನ್ನು ಇದ್ದ ಹಾಗೆಯೇ ಮೊಮ್ಮಗನಿಗೆ ಓದಿ ಹೇಳಿ. "ನೆಟ್ ಬರುತ್ತಿಲ್ಲ" ಎಂಬ ವರದಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಕಕ್ಕಬೆ ಕಡೆ ನಮ್ಮ ಹೋಂಸ್ಟೇ ಇದೆ. ಗಾಳಿಮಳೆ ಬಂದ ರಾತ್ರಿಯಿಂದ ಲ್ಯಾಪ್‌ಟಾಪಿನಲ್ಲಿ 'ಕನೆಕ್ಟೆಡ್, ನೋ ಇಂಟರ್ನೆಟ್' ಎಂದು ತೋರಿಸುತ್ತಿದೆ. ಅತಿಥಿಗಳ ಮೊಬೈಲಿನಲ್ಲೂ ಹಾಗೆಯೇ. ತಂಗಲು ಬಂದಿದ್ದ ಹುಡುಗನೊಬ್ಬ 'ನೆಟ್‌ವರ್ಕ್ ರೀಸೆಟ್' ಮಾಡಿಕೊಟ್ಟ. ಈಗ ಲ್ಯಾಪ್‌ಟಾಪು ವೈಫೈ ಪಾಸ್‌ವರ್ಡನ್ನೂ ಮರೆತಿದೆ. ಅದು ನಮಗೂ ನೆನಪಿಲ್ಲ. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕೇ? (ಕಕ್ಕಬೆ)

ಉತ್ತರ: ಖಂಡಿತ ಬೇಡ ಮೇಡಂ. ಅತಿಥಿಗಳ ಮೊಬೈಲಿನಲ್ಲೂ ನೆಟ್ ಇಲ್ಲವೆಂದು ನೀವೇ ಬರೆದಿದ್ದೀರಿ. ನಾಲ್ಕಾರು ಉಪಕರಣಗಳು ಒಟ್ಟಿಗೆ ಕೆಡುವುದಿಲ್ಲ. ಕೆಟ್ಟಿರುವುದು ಎಲ್ಲಕ್ಕೂ ಸೇರಿದ ಯಾವುದೋ ಒಂದು. ಆ ಹುಡುಗ ಲ್ಯಾಪ್‌ಟಾಪಿಗೆ ಕೈ ಹಾಕುವ ಮೊದಲು ಗೋಡೆಯ ಕಡೆ ತಲೆ ಎತ್ತಿ ನೋಡಿದ್ದರೆ ಸಾಕಿತ್ತು.

ನಿಮ್ಮದು ಫೈಬರ್ ಸಂಪರ್ಕವಾದರೆ ಗೋಡೆಯ ಪೆಟ್ಟಿಗೆಯಲ್ಲಿ ಸಾಲಾಗಿ ದೀಪಗಳಿರುತ್ತವೆ. ಅವುಗಳಲ್ಲಿ ಒಂದರ ಕೆಳಗೆ ಇಂಗ್ಲಿಷಿನಲ್ಲಿ ಎಲ್, ಓ, ಎಸ್ ಎಂದು ಬರೆದಿರುತ್ತದೆ. ಅದು ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಹೊರಗಿನಿಂದ ಬರಬೇಕಾದ ಬೆಳಕು ಪೆಟ್ಟಿಗೆಯನ್ನು ಮುಟ್ಟುತ್ತಿಲ್ಲ. ಗಾಳಿಮಳೆಯ ಮಾರನೆಯ ದಿನ ನಮ್ಮ ಜಿಲ್ಲೆಯಲ್ಲಿ ಇದರರ್ಥ ಸಾಮಾನ್ಯವಾಗಿ ಒಂದೇ: ಎಲ್ಲೋ ಸಿಲ್ವರ್ ಓಕ್ ಮರವೋ ಕೊಂಬೆಯೋ ತಂತಿಯ ಮೇಲೆ ಬಿದ್ದಿದೆ. ಇದಕ್ಕೆ ಲ್ಯಾಪ್‌ಟಾಪಿನ ಒಳಗೆ ಮದ್ದಿಲ್ಲ. ಸೇವೆ ಕೊಡುವವರಿಗೆ ಫೋನ್ ಮಾಡಿ "ಎಲ್‌ಓಎಸ್ ಕೆಂಪು ಇದೆ" ಎಂದು ಹೇಳಿ. ಆ ಮಾತು ಕೇಳಿದರೆ ಅವರು ತಂತಿ ಜೋಡಿಸುವ ಯಂತ್ರ ಹೊತ್ತುಕೊಂಡೇ ಬರುತ್ತಾರೆ. ಇಲ್ಲವಾದರೆ ಮೊದಲ ದಿನ ಬರಿಗೈಯಲ್ಲಿ ಬಂದು ನೋಡಿ, "ನಾಳೆ ಬರುತ್ತೇವೆ" ಎಂದು ಹೋಗುತ್ತಾರೆ. ಕಕ್ಕಬೆಗೆ ಮಳೆಯಲ್ಲಿ ಒಂದು ನಾಳೆ ಎಂದರೆ ಎಷ್ಟು ದಿನವೆಂದು ನಿಮಗೆ ನಾನು ಹೇಳಬೇಕಿಲ್ಲ.

ಅಲ್ಲಿಯವರೆಗೆ ಪೆಟ್ಟಿಗೆಗೆ ಬಂದಿರುವ ತೆಳ್ಳನೆಯ ತಂತಿಯನ್ನು ಕಿತ್ತು ಒರೆಸುವುದು, ಮಡಚಿ ಮೊಳೆಗೆ ಸಿಕ್ಕಿಸುವುದು ಮಾಡಬೇಡಿ. ಒಳಗಿರುವುದು ಗಾಜಿನ ಎಳೆ. ಅದರ ತುದಿಯನ್ನು ಕಣ್ಣಿನ ಹತ್ತಿರ ತಂದು ಇಣುಕಿಯೂ ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣದ ಬಗೆಯದು.

ಇನ್ನು 'ನೆಟ್‌ವರ್ಕ್ ರೀಸೆಟ್'. ಈ ಗುಂಡಿಯ ಮೇಲೆ ನನಗೆ ವಿಪರೀತ ಕೋಪವಿದೆ. ಅದು ಕಂಪ್ಯೂಟರಿನ ಎಲ್ಲ ನೆಟ್‌ವರ್ಕ್ ಸಾಧನಗಳನ್ನು ಕಿತ್ತುಹಾಕಿ ಮತ್ತೆ ಕೂರಿಸುತ್ತದೆ, ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನು ಅಳಿಸುತ್ತದೆ, ಕಚೇರಿಗೆಂದು ಹಾಕಿಕೊಂಡಿದ್ದ ವಿಪಿಎನ್ ಇದ್ದರೆ ಅದನ್ನೂ ಹೊಸದಾಗಿ ಹಾಕಿಕೊಳ್ಳುವಂತೆ ಮಾಡಬಹುದು. ಬೇರೆಲ್ಲ ಪ್ರಯತ್ನ ಮುಗಿದ ಮೇಲೆ, ಪಾಸ್‌ವರ್ಡ್ ಕೈಯಲ್ಲಿದ್ದಾಗ ಮಾತ್ರ ಒತ್ತಬೇಕಾದ ಗುಂಡಿ ಅದು. ನಮ್ಮ ಹುಡುಗರು ಅದನ್ನೇ ಮೊದಲು ಒತ್ತುತ್ತಾರೆ.

ಪಾಸ್‌ವರ್ಡ್ ಸಿಗುತ್ತದೆ, ಚಿಂತೆ ಬೇಡ. ಯಾರೂ ಬದಲಾಯಿಸಿರದಿದ್ದರೆ ಪೆಟ್ಟಿಗೆಯ ತಳದ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಬದಲಾಯಿಸಿದ್ದರೆ, ಅದೇ ವೈಫೈಗೆ ಸೇರಿಕೊಂಡಿರುವ ಇನ್ನೊಂದು ವಿಂಡೋಸ್ ಕಂಪ್ಯೂಟರ್ ಮನೆಯಲ್ಲಿದೆಯೇ ನೋಡಿ. ಅದರಲ್ಲಿ ಮೇಲೆ ಮೇಷ್ಟರಿಗೆ ಹೇಳಿದ ಮೂರನೆಯ ದಾರಿ ಹಿಡಿದು 'ನೆಟ್‌ವರ್ಕ್ ಕನೆಕ್ಷನ್ಸ್' ತೆರೆಯಿರಿ. 'ವೈಫೈ' ಚಿತ್ರದ ಮೇಲೆ ಎರಡು ಸಲ ಒತ್ತಿ, 'ವೈರ್‌ಲೆಸ್ ಪ್ರಾಪರ್ಟೀಸ್', ಅದರೊಳಗೆ 'ಸೆಕ್ಯುರಿಟಿ', ಕೆಳಗಿರುವ 'ಶೋ ಕ್ಯಾರೆಕ್ಟರ್ಸ್' ಚೌಕಕ್ಕೆ ಗುರುತು ಹಾಕಿ. ಚುಕ್ಕೆಗಳಿದ್ದ ಕಡೆ ಪಾಸ್‌ವರ್ಡ್ ಕಾಣಿಸುತ್ತದೆ. ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಅತಿಥಿಗಳಿಗೆ ಮಾತ್ರ ಇದನ್ನು ಕೊಡಬೇಡಿ. ಬಹುತೇಕ ಪೆಟ್ಟಿಗೆಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಕೊಡುವ ಸೌಲಭ್ಯವಿದೆ. ತಂತಿ ಸರಿಮಾಡಲು ಬಂದವರಿಗೆ ಕಾಫಿ ಕೊಟ್ಟು ಅದನ್ನೂ ಮಾಡಿಸಿಕೊಳ್ಳಿ.

ಪ್ರಶ್ನೆ: ನಾನು ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಬಂಗಲೆಯಲ್ಲಿ ಮೋಡೆಮ್ ಇದೆ, ಕಣದ ಪಕ್ಕದ ಆಫೀಸಿಗೆ ಮರದಿಂದ ಮರಕ್ಕೆ ಕಟ್ಟಿ ಲ್ಯಾನ್ ಕೇಬಲ್ ತಂದಿದ್ದೇವೆ. ಹೋದ ವಾರದಿಂದ ಆಫೀಸ್ ಕಂಪ್ಯೂಟರಿನಲ್ಲಿ ಹಳದಿ ತ್ರಿಕೋನ. ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ 169.254 ಎಂದು ಶುರುವಾಗುತ್ತದೆ. ಗೆಳೆಯರೊಬ್ಬರು ಅದನ್ನು ಅಳಿಸಿ 192.168.1.50 ಎಂದು ತುಂಬಿಕೊಟ್ಟರು. ಆದರೂ ಬರಲಿಲ್ಲ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಕಳಿಸಲು ದಿನಾ ಬಂಗಲೆಗೆ ನಡೆಯುತ್ತಿದ್ದೇನೆ. (ಸಿದ್ದಾಪುರ)

ಉತ್ತರ: ಈ ತಿಂಗಳ ಒಳ್ಳೆಯ ಪತ್ರ ನಿಮ್ಮದು, ಏಕೆಂದರೆ ಪುಟದಲ್ಲಿ ಇದ್ದದ್ದನ್ನು ಓದಿ ಬರೆದಿದ್ದೀರಿ. ಆ 169.254ರಲ್ಲೇ ಅರ್ಧ ಉತ್ತರವಿದೆ.

ಕಂಪ್ಯೂಟರಿಗೆ ತನ್ನ ವಿಳಾಸ ಹುಟ್ಟಿನಿಂದ ಬಂದದ್ದಲ್ಲ. ಕೇಬಲ್ ಸಿಕ್ಕಿಸಿದ ಕೂಡಲೇ ಅದು "ನನಗೊಂದು ವಿಳಾಸ ಕೊಡಿ" ಎಂದು ಕೂಗುತ್ತದೆ. ಮೋಡೆಮ್ ಪೆಟ್ಟಿಗೆಯೊಳಗೆ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಇದ್ದು, ಖಾಲಿ ಇರುವ ವಿಳಾಸವೊಂದನ್ನು ಕೊಡುತ್ತದೆ. ಹೊಸದಾಗಿ ಬಂದ ಆಳಿಗೆ ನೀವು ಲೈನ್ ಮನೆಯ ಖಾಲಿ ಕೋಣೆ ತೋರಿಸುತ್ತೀರಲ್ಲ, ಹಾಗೆ. ಕೂಗಿ ಕೂಗಿ ಯಾರೂ ಉತ್ತರಿಸದಿದ್ದರೆ ಕಂಪ್ಯೂಟರ್ ತನಗೆ ತಾನೇ 169.254ರಿಂದ ಆರಂಭವಾಗುವ ವಿಳಾಸ ಹಾಕಿಕೊಂಡು ಕೂರುತ್ತದೆ. ಅಂದರೆ ನಿಮ್ಮ ಕಂಪ್ಯೂಟರಿನ ಕೂಗು ಬಂಗಲೆಯನ್ನು ಮುಟ್ಟುತ್ತಿಲ್ಲ, ಅಥವಾ ಅಲ್ಲಿಂದ ಬರುವ ಉತ್ತರ ಇಲ್ಲಿಗೆ ತಲುಪುತ್ತಿಲ್ಲ. ನಿಮ್ಮ ಗೆಳೆಯರು ಕೈಯಿಂದ ವಿಳಾಸ ತುಂಬಿದರೆ ಅಂಕಿ ಬದಲಾಗುತ್ತದೆ, ಕಡಿದ ತಂತಿ ಕೂಡಿಕೊಳ್ಳುವುದಿಲ್ಲ. ಮೇಲಾಗಿ ಅದೇ ವಿಳಾಸವನ್ನು ಪೆಟ್ಟಿಗೆ ನಾಳೆ ಇನ್ನಾರ ಮೊಬೈಲಿಗೋ ಕೊಟ್ಟರೆ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಮೊದಲು ಅವರು ಮಾಡಿದ್ದನ್ನು ಬಿಚ್ಚಿ. 'ನೆಟ್‌ವರ್ಕ್ ಕನೆಕ್ಷನ್ಸ್'ನಲ್ಲಿ 'ಈಥರ್ನೆಟ್' ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್'. ಪಟ್ಟಿಯಲ್ಲಿ 'ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4' ಎಂಬ ಸಾಲಿನ ಮೇಲೆ ಎರಡು ಸಲ ಒತ್ತಿ. ಮೇಲಿನ ಭಾಗದಲ್ಲೂ ಕೆಳಗಿನ ಭಾಗದಲ್ಲೂ 'ಆಟೋಮ್ಯಾಟಿಕಲಿ' ಎಂದು ಮುಗಿಯುವ ಸಾಲನ್ನೇ ಆರಿಸಿ ಓಕೆ ಕೊಡಿ. ಬದಲಾಯಿಸುವ ಮೊದಲು ಆ ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಕೆಲವು ಕಡೆ ಬೇಕೆಂದೇ ಕೈಯಿಂದ ವಿಳಾಸ ತುಂಬಿರುತ್ತಾರೆ.

ಈಗ ಕಂಪ್ಯೂಟರನ್ನು ಬಿಟ್ಟು ಕೇಬಲ್ ಹಿಡಿಯಿರಿ. ಕಂಪ್ಯೂಟರಿನ ಹಿಂದೆ ಕೇಬಲ್ ಸೇರುವ ರಂಧ್ರದ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೀಪಗಳಿರುತ್ತವೆ. ಎರಡೂ ಸತ್ತಿದ್ದರೆ ಕೇಬಲ್ ಅಥವಾ ಆ ರಂಧ್ರ, ಅಂದರೆ ಪೋರ್ಟ್, ಹೋಗಿದೆ. ಪ್ಲಗ್ಗನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಚಿನ್ನದ ಬಣ್ಣದ ಎಂಟು ಹಲ್ಲುಗಳು ಒತ್ತೊತ್ತಾಗಿ ಕೂತಿರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ, ಕಣದ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಪ್ಲಗ್ಗಿನ ಬೆನ್ನಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು 'ಟಕ್' ಎಂದು ಕೂರುವುದಿಲ್ಲ, ಕಸ ಗುಡಿಸುವಾಗ ಪೊರಕೆ ತಗುಲಿದರೂ ಜಾರುತ್ತದೆ. ಇದಕ್ಕೆ ಹೊಸ ಪ್ಲಗ್ ಒತ್ತಿಸಿದರೆ ಸಾಕು, ಇಡೀ ಕೇಬಲ್ ಬದಲಾಯಿಸಬೇಕಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು "ಮರದಿಂದ ಮರಕ್ಕೆ" ಎಂಬ ಮಾತು. ಎರಡು ಕಾರಣ. ಲ್ಯಾನ್ ಕೇಬಲಿನ ಮಿತಿ 100 ಮೀಟರ್. ಬಂಗಲೆಯಿಂದ ಕಣಕ್ಕೆ ಅದಕ್ಕಿಂತ ಹೆಚ್ಚಿದ್ದರೆ ಬೇಸಿಗೆಯಲ್ಲಿ ಹೇಗೋ ನಡೆದದ್ದು ಮಳೆಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದು ಗುಡುಗು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ತಾಮ್ರದ ತಂತಿ ಬಯಲಲ್ಲಿ ಚಾಚಿಕೊಂಡಿದ್ದರೆ, ಹತ್ತಿರದಲ್ಲೆಲ್ಲೋ ಬಡಿದ ಸಿಡಿಲೂ ಅದರೊಳಗೆ ವಿದ್ಯುತ್ತಿನ ಹೊಡೆತ ಹುಟ್ಟಿಸುತ್ತದೆ. ಎರಡೂ ತುದಿಯ ಯಂತ್ರಗಳ ಪೋರ್ಟ್ ಸುಡುತ್ತದೆ, ಒಮ್ಮೊಮ್ಮೆ ಮದರ್‌ಬೋರ್ಡೇ ಹೋಗುತ್ತದೆ. ಪ್ಲಗ್ ಸರಿಯಿದ್ದೂ ದೀಪ ಉರಿಯದಿದ್ದರೆ ಬಂಗಲೆಯ ಮೋಡೆಮ್‌ನಲ್ಲಿ ಬೇರೆ ರಂಧ್ರಕ್ಕೆ ಸಿಕ್ಕಿಸಿ ನೋಡಿ. ಅದರಿಂದ ಸರಿಹೋದರೆ ಹಳೆಯ ರಂಧ್ರ ಸಿಡಿಲಿಗೆ ಸತ್ತಿರಬಹುದು.

ಯಜಮಾನರಿಗೆ ನನ್ನ ಹೆಸರಿನಲ್ಲೇ ಹೇಳಿ: ಆ ತಾಮ್ರದ ಕೇಬಲ್ ಇಳಿಸಿ, ಲೋಹದ ಎಳೆಯಿಲ್ಲದ ಫೈಬರ್ ಕೇಬಲನ್ನು ಕೊಳವೆಯೊಳಗೆ ಹಾಕಿ ನೆಲದಡಿ ತರಲಿ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಇಡಲಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ದೂರದ ತಕರಾರೂ ಇರುವುದಿಲ್ಲ. ಒಂದು ಮೋಡೆಮ್, ಒಂದು ಕಂಪ್ಯೂಟರ್ ಸುಟ್ಟರೆ ಆಗುವ ಖರ್ಚಿನ ಲೆಕ್ಕ ಮುಂದಿಟ್ಟರೆ ಅವರು ಒಪ್ಪುತ್ತಾರೆ. ಒಪ್ಪುವವರೆಗೆ ಗುಡುಗು ಕೇಳುವ ಮೊದಲೇ, ಮೋಡ ಕಟ್ಟುವಾಗಲೇ ಎರಡೂ ತುದಿ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಕೇಬಲಿಗೆ ಕೈ ಹಾಕುವುದು ಬೇಡ.

ಪ್ರಶ್ನೆ: ಅಕ್ಕಾ, ನಾನು ಪದವಿ ಓದುತ್ತಿದ್ದೇನೆ. ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ನೆಟ್ ಬಳಸುತ್ತೇನೆ. ಎರಡು ಪಾಠ ನೋಡುವುದರೊಳಗೆ ದಿನದ ಡೇಟಾ ಖಾಲಿ. ಲ್ಯಾಪ್‌ಟಾಪ್ ಏನನ್ನು ತಿನ್ನುತ್ತಿದೆ? (ಕುಶಾಲನಗರ)

ಉತ್ತರ: ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್ ತಿನ್ನುತ್ತಿದೆ ತಮ್ಮಾ. ಮನೆಯಲ್ಲಿ ಧಾರಾಳ ಸಂಪರ್ಕವಿದೆ ಎಂದುಕೊಂಡು ಅದು ಹಿಂಬದಿಯಲ್ಲಿ ಎಳೆದುಕೊಳ್ಳುತ್ತದೆ. 'ಮೀಟರ್ಡ್ ಕನೆಕ್ಷನ್' ಎಂಬ ಗುಂಡಿ ಆನ್ ಮಾಡಿದರೆ, ಇದು ಅಳೆದು ಕೊಡುವ ನೆಟ್ ಎಂದು ಅದಕ್ಕೆ ತಿಳಿಯುತ್ತದೆ, ಬಹುಪಾಲು ಅಪ್‌ಡೇಟ್‌ಗಳನ್ನು ತಡೆಹಿಡಿಯುತ್ತದೆ. ಎಲ್ಲರೂ ಎಡವುವ ಜಾಗ ಒಂದಿದೆ. ಯುಎಸ್‌ಬಿ ಮೂಲಕ ಜೋಡಿಸಿದ ಮೊಬೈಲನ್ನು ವಿಂಡೋಸ್ ಕೇಬಲ್ ಸಂಪರ್ಕವೆಂದೇ ತಿಳಿಯುತ್ತದೆ. ಆದ್ದರಿಂದ ವೈಫೈ ಪುಟದಲ್ಲಿ ಗುಂಡಿ ಆನ್ ಮಾಡಿದರೆ ಉಪಯೋಗವಿಲ್ಲ. ಮೊಬೈಲ್ ಜೋಡಿಸಿರುವಾಗಲೇ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ 'ಈಥರ್ನೆಟ್' ಪುಟಕ್ಕೆ ಹೋಗಿ ಅಲ್ಲಿ ಆನ್ ಮಾಡು. ಹಾಟ್‌ಸ್ಪಾಟ್ ಮೂಲಕ ಬಳಸುವ ದಿನ ವೈಫೈ ಪುಟದಲ್ಲಿ, ಆ ಹಾಟ್‌ಸ್ಪಾಟಿನ ಹೆಸರಿನೊಳಗೆ. ಅದೇ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ಯೂಸೇಜ್' ಎಂಬ ಪುಟವೂ ಇದೆ, ಯಾವ ತಂತ್ರಾಂಶ ಎಷ್ಟು ತಿಂದಿದೆ ಎಂದು ಪಟ್ಟಿ ಹಾಕಿಕೊಡುತ್ತದೆ. ವಾರಕ್ಕೊಮ್ಮೆ ಕಾಲೇಜಿನ ಅಥವಾ ಗೆಳೆಯರ ಮನೆಯ ವೈಫೈನಲ್ಲಿ ಅಪ್‌ಡೇಟ್ ಮಾಡಿಕೊಳ್ಳುವುದನ್ನು ಬಿಡಬೇಡ, ಅವು ಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನಾಪೋಕ್ಲಿನ ಮನೆಯಲ್ಲಿ ಅವ್ವ ಒಬ್ಬರೇ. ನೆಟ್ ಹೋದರೆ ಫೋನಿನಲ್ಲಿ ಹೇಳಿಕೊಡುವಷ್ಟರಲ್ಲಿ ಇಬ್ಬರಿಗೂ ಸಿಟ್ಟು ಬಂದಿರುತ್ತದೆ. ದೂರದಿಂದ ನಾನೇ ಅವರ ಕಂಪ್ಯೂಟರ್ ನೋಡುವ ಉಪಾಯ ಇದೆಯೇ? (ಬೆಂಗಳೂರು)

ಉತ್ತರ: ಇದೆ. ವಿಂಡೋಸ್‌ನಲ್ಲೇ 'ಕ್ವಿಕ್ ಅಸಿಸ್ಟ್' ಎಂಬುದಿದೆ, ಕಂಟ್ರೋಲ್, ವಿಂಡೋಸ್ ಮತ್ತು 'ಕ್ಯೂ' ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಆದರೆ ಅದು ನಡೆಯಬೇಕಾದರೆ ನೆಟ್ ಬೇಕು. ನಿಮ್ಮ ತೊಂದರೆಯೇ ನೆಟ್ ಇಲ್ಲದಿರುವುದು. ಇನ್ನೊಂದು ಮಾತು ಅವ್ವನಿಗೆ ಈಗಲೇ ಹೇಳಿಡಿ: ಬ್ಯಾಂಕಿನವರು, ಟೆಲಿಫೋನಿನವರು ಎಂದು ಹೇಳಿಕೊಂಡು ಯಾರೇ ಫೋನ್ ಮಾಡಿ ಇಂಥದ್ದನ್ನು ತೆರೆಯಿರಿ ಎಂದರೆ ಫೋನ್ ಇಟ್ಟುಬಿಡಬೇಕು.

ಸಿಟ್ಟು ಬರುವುದು ಚಿತ್ರಗಳನ್ನು ಹುಡುಕಿಸುವಾಗ. "ಬಲಗಡೆ ಕೆಳಗೆ ನೋಡವ್ವ." "ಏನೂ ಇಲ್ಲ." "ಇದೆ ನೋಡು." ಈ ಸಂಭಾಷಣೆಗೆ ಕೊನೆಯಿಲ್ಲ. ಹುಡುಕಿಸುವುದನ್ನು ಬಿಟ್ಟು ಅಕ್ಷರಗಳನ್ನು ಒತ್ತಿಸಿ. ವಿಂಡೋಸ್ ಮತ್ತು 'ಆರ್', ಆಮೇಲೆ ಮೇಲೆ ಮೇಷ್ಟರಿಗೆ ಹೇಳಿದ ಎಂಟು ಗುರುತುಗಳು: ಎನ್, ಸಿ, ಪಿ, ಎ, ಚುಕ್ಕೆ, ಸಿ, ಪಿ, ಎಲ್. ಫೋನಿನಲ್ಲಿ 'ಎನ್' ಹೇಳಿದರೆ 'ಎಂ' ಎಂದು ಕೇಳುತ್ತದೆ, 'ಪಿ' ಹೇಳಿದರೆ 'ಬಿ'. ಊರಿನ ಹೆಸರು ಜೋಡಿಸಿ ಹೇಳಿ: ನಾಪೋಕ್ಲಿನ ಎನ್, ಚೆಟ್ಟಳ್ಳಿಯ ಸಿ, ಪೊನ್ನಂಪೇಟೆಯ ಪಿ, ಅಮ್ಮತ್ತಿಯ ಎ. ಬಸ್ಸಿನ ಬೋರ್ಡ್ ಓದುವವರಿಗೆ ಇದು ತಪ್ಪುವುದಿಲ್ಲ. ತೆರೆದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್ಆಪ್ ಮಾಡಲು ಹೇಳಿ. ಮೊಬೈಲಿನ ಸಿಗ್ನಲ್ ಮನೆಯೊಳಗೆ ಸಿಗದಿದ್ದರೆ ಅಂಗಳಕ್ಕೆ ಬಂದು ಕಳಿಸುತ್ತಾರೆ, ಅದು ಅವರಿಗೆ ಹೊಸತೇನಲ್ಲ. ಫೋಟೋದಲ್ಲಿ ವೈಫೈ ಚಿತ್ರ ಸರಿಯಿದ್ದೂ ನೆಟ್ ಇಲ್ಲದಿದ್ದರೆ ಅದರ ಮೇಲೆ ಬಲಗುಂಡಿ ಒತ್ತಿ ಒಮ್ಮೆ 'ಡಿಸೇಬಲ್', ಸ್ವಲ್ಪ ಹೊತ್ತು ಬಿಟ್ಟು 'ಎನೇಬಲ್' ಮಾಡಿಸಿ. ರೀಸೆಟ್ ಮಾಡಿದಾಗ ಆಗುವ ನಷ್ಟ ಇದರಲ್ಲಿ ಇಲ್ಲ, ಪಾಸ್‌ವರ್ಡೂ ಉಳಿಯುತ್ತದೆ.

ಹಳೆಯ ಮನೆಯಾದರೆ ಗೋಡೆಯನ್ನೂ ನೆನಪಿಡಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟಲು ಒದ್ದಾಡುತ್ತದೆ. 2.4 ಗಿಗಾಹರ್ಟ್ಸ್‌ನದು ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ಮೇಲು. ಪೆಟ್ಟಿಗೆ ಎರಡು ಹೆಸರು ತೋರಿಸುತ್ತಿದ್ದರೆ, ಹೆಸರಿನ ಕೊನೆಯಲ್ಲಿ 5 ಇಲ್ಲದ್ದಕ್ಕೆ ಅವ್ವನ ಕಂಪ್ಯೂಟರನ್ನು ಸೇರಿಸಿಡಿ.

ಚುಟುಕಾಗಿ ಕೆಲವು

ಸುಂಟಿಕೊಪ್ಪದವರಿಗೆ: ಸೆಟ್ಟಿಂಗ್ಸ್‌ನಲ್ಲಿ ವೈಫೈ ಎಂಬ ಸಾಲೇ ಇಲ್ಲವೆಂದರೆ ಮೊದಲು 'ಏರೋಪ್ಲೇನ್ ಮೋಡ್' ನೋಡಿ, ಆಮೇಲೆ ಕೀಬೋರ್ಡಿನ ಮೇಲ್ಸಾಲಿನಲ್ಲಿ ವಿಮಾನದ ಗುರುತಿನ ಕೀ ಯಾರಾದರೂ ಒತ್ತಿದ್ದಾರೆಯೇ ನೋಡಿ. ನಿಮ್ಮದು ಮೇಜಿನ ಮೇಲಿಡುವ ಹಳೆಯ ಡೆಸ್ಕ್‌ಟಾಪ್ ಎಂದು ಬರೆದಿದ್ದೀರಿ. ಅಂಥವುಗಳಲ್ಲಿ ಅನೇಕಕ್ಕೆ ವೈಫೈ ಸಾಧನವೇ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಅಡಾಪ್ಟರ್ ತಂದರೆ ಸಾಲು ತಾನಾಗಿ ಬರುತ್ತದೆ.

ಗೋಣಿಕೊಪ್ಪಲಿನವರಿಗೆ: ಆಪಲ್ ಕಂಪ್ಯೂಟರಿನಲ್ಲಿ ಎಡಗಡೆ ಮೇಲಿನ ಸೇಬಿನ ಗುರುತು ಒತ್ತಿ 'ಸಿಸ್ಟಮ್ ಸೆಟ್ಟಿಂಗ್ಸ್', ಅದರೊಳಗೆ 'ನೆಟ್‌ವರ್ಕ್'. 2022ಕ್ಕಿಂತ ಹಿಂದಿನ ಆವೃತ್ತಿಯಾದರೆ ಅದರ ಹೆಸರು 'ಸಿಸ್ಟಮ್ ಪ್ರಿಫರೆನ್ಸಸ್'. ಆಪ್ಷನ್ ಕೀ ಹಿಡಿದುಕೊಂಡು ಮೇಲಿನ ವೈಫೈ ಗುರುತು ಒತ್ತಿದರೆ ಐಪಿ ವಿಳಾಸ ಸೇರಿದಂತೆ ಬೇಕಾದ ವಿವರ ಅಲ್ಲೇ ಸಿಗುತ್ತದೆ.

ವಿರಾಜಪೇಟೆಯವರಿಗೆ: ಕಚೇರಿ ಬಿಟ್ಟ ಮೇಲೆ ಅದೇ ಲ್ಯಾಪ್‌ಟಾಪನ್ನು ಮನೆಯಲ್ಲಿ ಬಳಸುತ್ತಿದ್ದೀರಿ, ಪ್ರತಿ ಪುಟವೂ 'ಪ್ರಾಕ್ಸಿ ಸರ್ವರ್' ಸಿಗುತ್ತಿಲ್ಲ ಎನ್ನುತ್ತದೆ. ಅದು ಹಳೆಯ ಕಚೇರಿಯ ದಾರಿಯನ್ನೇ ಹುಡುಕುತ್ತಿದೆ. 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ 'ಪ್ರಾಕ್ಸಿ' ಪುಟದ 'ಮ್ಯಾನ್ಯುಯಲ್' ಭಾಗವನ್ನು ಆಫ್ ಮಾಡಿ.

ಮೂರ್ನಾಡಿನವರಿಗೆ: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ ನಿಜ, ಅದಕ್ಕಾಗಿ ನೆಟ್ ನಿಲ್ಲುವುದಿಲ್ಲ. ಅಂಗಡಿಯವರು ಹಾಗೆಂದಿದ್ದರೆ ಅವರಿಗೆ ಹೊಸ ಕಂಪ್ಯೂಟರ್ ಮಾರಬೇಕಿದೆ. ಆದರೆ ಭದ್ರತೆಯ ಅಪ್‌ಡೇಟ್ ಇಲ್ಲದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಹೋದ ಮಳೆಗಾಲದಿಂದ ಕಂಪ್ಯೂಟರ್ ಬಟ್ಟೆ ಹೊದಿಸಿ ಇಟ್ಟಿದ್ದೆವು. ಮೊನ್ನೆ ಆನ್ ಮಾಡಿದರೆ ಸೆಟ್ಟಿಂಗ್ಸ್‌ನಲ್ಲಿ 'ಕನೆಕ್ಟೆಡ್' ಎಂದೇ ಇದೆ. ಮೊಬೈಲಿನಲ್ಲೂ ನೆಟ್ ಸರಿಯಿದೆ. ಕಂಪ್ಯೂಟರಿನಲ್ಲಿ ಮಾತ್ರ ಪಹಣಿಯ ಪುಟ, ಬ್ಯಾಂಕಿನ ಪುಟ ಎರಡೂ "ಈ ಸಂಪರ್ಕ ಖಾಸಗಿಯಲ್ಲ" ಎಂದು ಇಂಗ್ಲಿಷಿನಲ್ಲಿ ಹೆದರಿಸುತ್ತವೆ. ಯಾರಾದರೂ ನಮ್ಮ ನೆಟ್‌ಗೆ ಕನ್ನ ಹಾಕಿದ್ದಾರೆಯೇ? (ಶನಿವಾರಸಂತೆ)

ಉತ್ತರ: ಕನ್ನ ಹಾಕಿರುವ ಸಾಧ್ಯತೆ ಕಡಿಮೆ. ಪರದೆಯ ಬಲಗಡೆ ಕೆಳಮೂಲೆಯ ತಾರೀಖು ನೋಡಿ. ಹಲವು ವರ್ಷ ಹಿಂದಿನದಿದ್ದರೆ ಕಳ್ಳ ಅವನೇ. ಸುರಕ್ಷಿತ ಪುಟಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ಅದನ್ನು ತನ್ನ ಗಡಿಯಾರದ ಜೊತೆ ತಾಳೆ ನೋಡುತ್ತದೆ. ಗಡಿಯಾರವೇ ಹಿಂದಿದ್ದರೆ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ತಿಳಿದು ಬಾಗಿಲು ಹಾಕುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ. ಅಲ್ಲಿ ಎಲ್ಲವೂ ಸರಿಯಿದೆ ಎಂದೇ ಬರೆದಿದೆ, ಅದು ನಿಜವೂ ಹೌದು.

ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್' ತೆರೆದು 'ಸೆಟ್ ಟೈಮ್ ಆಟೋಮ್ಯಾಟಿಕಲಿ' ಎಂಬುದನ್ನು ಆಫ್ ಮಾಡಿ, ಕೈಯಿಂದ ತಾರೀಖು ಮತ್ತು ಸಮಯ ಸರಿಪಡಿಸಿ, ಮತ್ತೆ ಆನ್ ಮಾಡಿ. ತೀರಾ ಹಿಂದೆ ಬಿದ್ದ ಗಡಿಯಾರವನ್ನು ವಿಂಡೋಸ್ ತಾನಾಗಿ ಎಳೆದು ತರುವುದಿಲ್ಲ, ಅದಕ್ಕೇ ಈ ಸುತ್ತು. ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲೇ ನಮ್ಮದು.

ವಿದ್ಯುತ್ ಹೋದಾಗಲೆಲ್ಲ ತಾರೀಖು ಮತ್ತೆ ಹಿಂದಕ್ಕೆ ಓಡಿದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪುಗಳಲ್ಲಿ ಅದು ಸಿಆರ್ 2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತಿಟ್ಟು, ಪಕ್ಕದ ಮುಚ್ಚಳ ತೆಗೆದು, ಹಿಡಿಕೆಯನ್ನು ಉಗುರಿನಿಂದ ಸರಿಸಿದರೆ ಹಳೆಯದು ಮೇಲೆದ್ದು ಬರುತ್ತದೆ. ಹೊಸದನ್ನು ಬರಹವಿರುವ ಬದಿ ಹೊರಗೆ ಕಾಣುವಂತೆ ಕೂರಿಸಿ. ಮುಚ್ಚಳ ತೆಗೆದಾಗಲೇ ಒಳಗಿನ ಫ್ಯಾನಿನ ಮೇಲೂ ಕಣ್ಣು ಹಾಯಿಸಿ. ಹೋದ ಮಳೆಗಾಲದಿಂದ ಬಟ್ಟೆಯಡಿ ಬೆಚ್ಚಗಿದ್ದ ಪೆಟ್ಟಿಗೆಯಲ್ಲಿ ಜೇಡ, ಹಲ್ಲಿಮೊಟ್ಟೆ ಎರಡೂ ಇರಬಹುದು.